ಊಟದ ಮೇಜಿನ ಮೇಲೊಂದು ವರ್ಕ್‌ಶಾಪು

ಊಟದ ಮೇಜಿನ ಮೇಲೆ ಮಿಲಿಟರಿ ಗಾಡಿಗಳ ರಿಪೇರಿ ವರ್ಕ್‌ಶಾಪು ಬಂದು ಕೂತ ಮೇಲೆ ಬ್ರೇಕಪ್ಪನ ಮನೆಯಲ್ಲಿ ಊಟ ನೆಲಕ್ಕಿಳಿದಿತ್ತು. ಗಂಡ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಇಟ್ಟುಕೊಂಡು, ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುವ ಹಾಗೆ ಕೂತು ಉಣ್ಣುತ್ತಿದ್ದರು. ಉಂಡೆದ್ದ ಮೇಲೆ ಹೆಂಡತಿ ಸೊಂಟ ಹಿಡಿದುಕೊಂಡು, ಮೇಜಿನ ಕಡೆ ನೋಡದೆ, "ಆ ಕಸ ಯಾವಾಗ ತೆಗೀತೀರಿ?" ಎಂದು ಕೇಳುತ್ತಿದ್ದಳು. ಬ್ರೇಕಪ್ಪ "ಪ್ಲಾನು ಮುಗೀಲಿ" ಅನ್ನುತ್ತಿದ್ದ. ಇದು ಆ ಮನೆಯ ದಿನನಿತ್ಯದ ಸಂಭಾಷಣೆಯ ಬಹುಭಾಗ.

ಬ್ರೇಕಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಸೇನೆಯ ಲಾರಿ, ಜೀಪು, ಟ್ಯಾಂಕುಗಳು ಕೆಟ್ಟರೆ ಬಂದು ನಿಲ್ಲುವ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ಬ್ರೇಕು ರಿಪೇರಿ ಮಾಡಿ ನಿವೃತ್ತನಾದವನು ಅವನು. ಅವನ ಹಿಂದೆಯೇ ವರ್ಕ್‌ಶಾಪೂ ನಿವೃತ್ತವಾಯಿತು. ಶೆಡ್ಡುಗಳನ್ನು ಬಿಚ್ಚಿ ಗುಜರಿಗೆ ಹಾಕಿದರು, ನೆಲ ಮಟ್ಟ ಮಾಡಿದರು, ಸುತ್ತ ಎತ್ತರದ ಗೋಡೆ ಕಟ್ಟಿ ಒಬ್ಬ ಕಾವಲುಗಾರನನ್ನು ಕೂರಿಸಿದರು. ಒಂದು ದಿನ ಮನಸ್ಸು ತಡೆಯದೆ ಬ್ರೇಕಪ್ಪ ಅಲ್ಲಿಗೆ ಹೋಗಿ, ಇದೇ ವರ್ಕ್‌ಶಾಪಿನಲ್ಲಿ ನಾನಿದ್ದೆ, ಒಂದು ಸಲ ಒಳಗೆ ನೋಡಿ ಬರುತ್ತೇನೆ ಎಂದು ಕೇಳಿದ. ಕಾವಲುಗಾರ ಎದ್ದು ನಿಲ್ಲುವ ಗೋಜಿಗೂ ಹೋಗದೆ, "ಯಾವ ವರ್ಕ್‌ಶಾಪು?" ಅಂದ. ಬ್ರೇಕಪ್ಪ ಹಿಂದಿರುಗುವಾಗ ಊಟದ ಮೇಜಿನಷ್ಟೇ ಅಗಲದ ಒಂದು ಪ್ಲೈವುಡ್ ಹಲಗೆಯನ್ನು ಹೊತ್ತುಕೊಂಡು ಬಂದ.

ಇದ್ದದ್ದನ್ನು ಇದ್ದ ಹಾಗೆ, ಮೂವತ್ತೈದರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ ಕಟ್ಟುವುದು ಅವನ ಸಂಕಲ್ಪ. ಆದರೆ ಅಂಟು ಹಚ್ಚುವ ಮೊದಲು ಎಲ್ಲವೂ ಎಲ್ಲೆಲ್ಲಿ ಬರಬೇಕೆಂದು ಗೊತ್ತು ಮಾಡಿಕೊಳ್ಳಬೇಕಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಶೆಡ್ಡು, ಅಂಗಳ, ಗೇಟು ಎಲ್ಲ ಬರೆದ. ಲಾರಿ ನಿಲ್ಲುವ ಜಾಗಗಳಲ್ಲಿ ಟೂತ್‌ಪೇಸ್ಟಿನ ಖಾಲಿ ಡಬ್ಬಿಗಳನ್ನಿಟ್ಟ. ಅಳತೆ ಹಿಡಿದು ನೋಡಿದರೆ ಲಾರಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ಡಬ್ಬಿ ಸಾಲದೆ ಪಕ್ಕದ ಮನೆಯ ಮೇಷ್ಟ್ರ ಕಸದ ಬುಟ್ಟಿಗೂ ಕೈ ಹಾಕಿದ್ದುಂಟು. ಬಿಸ್ಕತ್ತಿನ ಡಬ್ಬ ಟ್ಯಾಂಕಾಯಿತು. ಜನ ನಿಲ್ಲುವ ಜಾಗಕ್ಕೆ ಹೆಂಡತಿಯ ಹೊಲಿಗೆ ಡಬ್ಬಿಯಿಂದ ಗುಂಡಿಗಳನ್ನು ತೆಗೆದುಕೊಂಡ. ಕೋಟಿನ ದಪ್ಪ ಗುಂಡಿ ಫೋರ್‌ಮನ್ನರು, ಹಿತ್ತಾಳೆಯದು ದೊಡ್ಡ ಅಧಿಕಾರಿ, ಉಳಿದ ಬಿಳಿ ಗುಂಡಿಗಳು ಉಳಿದವರು. ಹೆಂಡತಿಯ ಹಳೆಯ ಸ್ವೆಟರಿನ ಕೆಂಪು ಗುಂಡಿ ಸ್ವತಃ ಬ್ರೇಕಪ್ಪ.

ಎಲ್ಲ ಗುಂಡಿಗಳಿಗೂ ಜಾಗ ಸಿಕ್ಕಿತು. ಕೆಂಪು ಗುಂಡಿಗೆ ಮಾತ್ರ ಸಿಗಲಿಲ್ಲ. ಪ್ಲಾನು ಮುಗಿಯದೆ ಇದ್ದದ್ದು ಅದೊಂದರಿಂದ.

ಯಾಕೆಂದು ತಿಳಿಯಬೇಕಾದರೆ ಆ ವರ್ಕ್‌ಶಾಪಿನ ಒಂದು ಪದ್ಧತಿ ತಿಳಿದಿರಬೇಕು. ಬ್ರೇಕು ರಿಪೇರಿಯಾದ ಲಾರಿಯನ್ನು ಹೊರಗೆ ಬಿಡುವ ಮೊದಲು ಅಂಗಳದ ಬಿಳಿ ಗೆರೆಯ ಮೇಲೆ, ರಿಪೇರಿ ಮಾಡಿದವನೇ ಹೋಗಿ ನಿಲ್ಲಬೇಕು. ಫೋರ್‌ಮನ್ನರು ಲಾರಿಯನ್ನು ಅವನ ಎದೆಗೆ ನೇರವಾಗಿ ಓಡಿಸಿಕೊಂಡು ಬಂದು ಗೆರೆಯ ಹತ್ತಿರ ಬ್ರೇಕು ಒತ್ತುತ್ತಾರೆ. ಲಾರಿ ನಿಂತರೆ ಕೆಲಸ ಪಾಸು. ನಿಲ್ಲದಿದ್ದರೆ ಏನೆಂದು ಯಾರೂ ಕೇಳುತ್ತಿರಲಿಲ್ಲ. ನಿಂತವನು ಗೆರೆ ಬಿಟ್ಟು ಪಕ್ಕಕ್ಕೆ ಸರಿದರೆ ಮಾತ್ರ, ಲಾರಿ ಸರಿಯಾಗಿ ನಿಂತಿದ್ದರೂ ಕೆಲಸ ಫೇಲು. ತನ್ನ ಕೈಕೆಲಸವನ್ನು ತಾನೇ ನಂಬದವನ ಬ್ರೇಕನ್ನು ಸಿಪಾಯಿ ಯಾಕೆ ನಂಬಬೇಕು ಅನ್ನುವುದು ಫೋರ್‌ಮನ್ನರ ವಾದ.

ಬ್ರೇಕಪ್ಪ ಎಷ್ಟೋ ಸಲ ಆ ಗೆರೆಯ ಮೇಲೆ ಕಲ್ಲಿನಂತೆ ನಿಂತಿದ್ದ. ದೊಡ್ಡ ಅಧಿಕಾರಿ ತಪಾಸಣೆಗೆ ಬಂದ ದಿನ, ಇಡೀ ವರ್ಕ್‌ಶಾಪು ಸಾಲಾಗಿ ನಿಂತು ನೋಡುತ್ತಿರುವಾಗ, ಪಕ್ಕಕ್ಕೆ ಸರಿದುಬಿಟ್ಟ. ಕಾಲು ಅವನನ್ನು ಕೇಳಲೇ ಇಲ್ಲ. ಲಾರಿ ಗೆರೆ ಮುಟ್ಟದೆ, ಅವನು ಇರಬೇಕಿದ್ದ ಜಾಗಕ್ಕೆ ಗೇಣು ಹಿಂದೆ, ನೆಟ್ಟ ಕಂಬದ ಹಾಗೆ ನಿಂತಿತು. ಬ್ರೇಕು ಅಷ್ಟು ಚೆನ್ನಾಗಿತ್ತು. ಕೆಟ್ಟದಾಗಿದ್ದರೆ ಅವನಿಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಆ ಸಂಜೆ ಮನೆಗೆ ಬಂದು, ಆಗಷ್ಟೇ ಮದುವೆಯಾಗಿ ಬಂದಿದ್ದ ಹೆಂಡತಿಗೆ, ದೊಡ್ಡ ಅಧಿಕಾರಿಯ ಮುಂದೆ ಕಣ್ಣು ಮಿಟುಕಿಸದೆ ನಿಂತೆ ಎಂದು ಹೇಳಿದ. ಹೆಂಡತಿ ನಂಬಿದಳು. ನಂಬಿದ್ದಷ್ಟೇ ಅಲ್ಲ, ಗಂಡನ ಬಗ್ಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಅದೊಂದೇ ಮಾತಾದ್ದರಿಂದ, ಬಂದ ನೆಂಟರಿಗೆಲ್ಲ ಕಾಫಿಯ ಜೊತೆಗೆ ಅದನ್ನೂ ಕೊಡುತ್ತ ಬಂದಳು. ಹಿತ್ತಾಳೆ ಗುಂಡಿ ಇದ್ದ ಮೇಲೆ ಹಲಗೆಯ ಮೇಲಿನದು ಆ ದಿನವೇ. ಈಗ ಕೆಂಪು ಗುಂಡಿಯನ್ನು ಗೆರೆಯ ಮೇಲಿಟ್ಟರೆ ವರ್ಕ್‌ಶಾಪಿಗೆ ಸುಳ್ಳು, ಪಕ್ಕಕ್ಕಿಟ್ಟರೆ ಹೆಂಡತಿಗೆ ಮೋಸ. ಬ್ರೇಕಪ್ಪ ಬೆಳಿಗ್ಗೆ ಗೆರೆಯ ಮೇಲಿಡುತ್ತಿದ್ದ, ಮಧ್ಯಾಹ್ನ ಪಕ್ಕಕ್ಕಿಡುತ್ತಿದ್ದ, ಹೆಂಡತಿ ಕಸ ಗುಡಿಸಲು ಬಂದಾಗ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಹೀಗಿರುವಾಗ ಬಾಮೈದ ಊಟಕ್ಕೆ ಕರೆದ. ಹೆಂಡತಿಯ ಈ ತಮ್ಮ ಸಿಮೆಂಟು ಕಬ್ಬಿಣದ ವ್ಯಾಪಾರಿ. ಹೊಸ ಮನೆ ಕಟ್ಟಿಸಿ, ಮೇಲಿನ ಮಹಡಿಯ ಕಂಬಿಗಳನ್ನು ಹಾಗೇ ಆಕಾಶಕ್ಕೆ ಬಿಟ್ಟಿದ್ದ. ಇನ್ನೂ ಕಟ್ಟುವವನಿದ್ದೇನೆ ಎಂದು ಹೋಗಿಬರುವವರಿಗೆ ಗೊತ್ತಾಗಲಿ ಎಂದು. ಭಾವನಿಗೆ ಬಚ್ಚಲುಮನೆಗಳ ಒಂದೊಂದು ನಲ್ಲಿಯನ್ನೂ ತಿರುಗಿಸಿ ತೋರಿಸಿದ. ಊಟಕ್ಕೆ ಕೂತಾಗ ಕೈ ತೊಳೆಯುವ ಬೇಸಿನ್ನಿನ ಪಕ್ಕದ ಕುರ್ಚಿ ಕೊಟ್ಟ. ಆಮೇಲೆ ಹತ್ತು ಜನ ಸ್ನೇಹಿತರ ಎದುರಿಗೆ, ನಮ್ಮ ಭಾವ ಈಗ ಟೂತ್‌ಪೇಸ್ಟ್ ಡಬ್ಬಿ ಕೂಡಿಡ್ತಾರೆ ಎಂದು ಪರಿಚಯ ಮಾಡಿಕೊಟ್ಟ. ಎಲ್ಲರೂ ನಕ್ಕರು. ಹೆಂಡತಿ ತಟ್ಟೆಯಲ್ಲಿ ಏನೋ ಬಿದ್ದಿದೆ ಎಂಬಂತೆ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ನೋಡಿ ಬ್ರೇಕಪ್ಪನ ನಾಲಿಗೆ ಹಿಡಿತ ತಪ್ಪಿತು.

"ಒಂದು ವರ್ಕ್‌ಶಾಪ್ ಮಾಡ್ತಿದ್ದೀನಿ," ಅಂದ. "ಮಿಲಿಟರಿ ಗಾಡಿ ರಿಪೇರಿದು."

ಬಾಮೈದನ ಕೈ ಬಾಯಿಗೆ ಹೋಗುತ್ತಿದ್ದದ್ದು ಅರ್ಧದಲ್ಲಿ ನಿಂತಿತು. "ಎಷ್ಟು ಗಾಡಿ ಹಿಡಿಯುತ್ತೆ ಭಾವ?"

"ಎಂಟು ಲಾರಿ. ಒಂದು ಟ್ಯಾಂಕು."

"ಎಲ್ಲಿ?"

"ಮನೆ ಹತ್ರಾನೇ. ಪ್ಲಾನು ನಡೀತಿದೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅಳತೆಯೊಂದನ್ನು ಹೇಳಿರಲಿಲ್ಲ, ಅಷ್ಟೇ. ಹೆಂಡತಿ ತಲೆ ಎತ್ತಿದಳು. ಎರಡನೆಯ ಸಲ ಬಡಿಸುವ ಹೊತ್ತಿಗೆ ಬ್ರೇಕಪ್ಪನ ಕುರ್ಚಿ ಬೇಸಿನ್ನಿನ ಪಕ್ಕದಿಂದ ಮೇಜಿನ ತಲೆಭಾಗಕ್ಕೆ ಬಂದಿತ್ತು.

ಮರುದಿನವೇ ಬಾಮೈದ ಬಂದು ಹಲಗೆಯನ್ನು ಸುತ್ತು ಹಾಕಿ ನೋಡಿದ. ಬ್ರೇಕಪ್ಪ ಈಗ ಮರ್ಯಾದೆ ಹೋಗುತ್ತದೆ ಎಂದುಕೊಂಡು ಗೋಡೆ ಹಿಡಿದು ನಿಂತಿದ್ದ. ಆದರೆ ಬಾಮೈದ ವ್ಯಾಪಾರಸ್ಥ. ಇಲ್ಲದ್ದನ್ನು ಕಾಣುವುದೇ ಅವನ ಕಸುಬು. "ಅಕ್ಕಾ, ಇದನ್ನ ಕಸ ಅಂತಿದ್ದೆಯಲ್ಲ," ಅಂದ. "ದೊಡ್ಡ ದೊಡ್ಡ ಕಟ್ಟಡ ಕಟ್ಟೋರು ಮೊದಲು ಹೀಗೇ ಸಣ್ಣದು ಮಾಡಿ ನೋಡ್ತಾರೆ. ಸಣ್ಣದು ಬಂತು ಅಂದ್ರೆ ಹಿಂದೇನೇ ದೊಡ್ಡದು ಬಂತು ಅಂತ ಲೆಕ್ಕ." ಆಮೇಲೆ ಕಿಟಕಿಯಿಂದ ಮನೆಯ ಹಿಂದಿನ ಬಯಲನ್ನು ನೋಡಿದ. ಬೀದಿಯವರೆಲ್ಲ ಕಸ ಸುರಿಯುತ್ತಿದ್ದ ಬಯಲು ಅದು. "ಅಲ್ಲೇ ಅಲ್ವಾ ಭಾವ?"

ಬ್ರೇಕಪ್ಪ, ಇದು ಇಷ್ಟೇ, ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ ಅಂದ. ಬಾಮೈದ ಕಣ್ಣು ಹೊಡೆದು, ಮಿಲಿಟರಿ ವಿಷಯ ಬಾಯಿ ಬಿಡೋ ಹಾಗಿಲ್ಲ, ನಮಗೂ ಅರ್ಥವಾಗುತ್ತೆ ಎಂದು ಅಕ್ಕನಿಗೆ ಹೇಳಿದ. ಅಂದಿನಿಂದ ಬ್ರೇಕಪ್ಪ ಇಲ್ಲ ಅಂದಷ್ಟೂ ಜನಕ್ಕೆ ಹೌದೆಂದು ಖಾತ್ರಿಯಾಯಿತು. ಸುಮ್ಮನಿದ್ದರಂತೂ ಕೇಳುವುದೇ ಬೇಡ.

ಬೀದಿ ಎರಡು ಹೋಳಾಯಿತು. ಟ್ಯಾಂಕು ಓಡಾಡಿದರೆ ಗೋಡೆ ಬಿರುಕು ಬಿಡುತ್ತದೆ ಅನ್ನುವವರು ಒಂದು ಕಡೆ, ಮನೆ ಬಾಡಿಗೆ ಏರುತ್ತದೆ ಅನ್ನುವವರು ಇನ್ನೊಂದು ಕಡೆ. ಪಂಕ್ಚರ್ ಅಂಗಡಿಯವನು ಬಂದು, ಗೇಟಿನ ಹೊರಗೆ ತನಗೊಂದು ಮೂಲೆ ಕೊಡಿಸಬೇಕೆಂದು ಕೈ ಮುಗಿದ. ಟ್ಯಾಂಕಿಗೆ ಟೈರಿಲ್ಲ ಎಂದು ಬ್ರೇಕಪ್ಪ ಹೇಳಿದ್ದನ್ನು, ಕೊಡಲು ಮನಸ್ಸಿಲ್ಲದವರ ನೆಪ ಎಂದು ತಿಳಿದು ಮುನಿಸಿಕೊಂಡು ಹೋದ. ಪಕ್ಕದ ಮನೆಯ ಮೇಷ್ಟ್ರು, ಅಂದರೆ ಟೂತ್‌ಪೇಸ್ಟ್ ಡಬ್ಬಿಗಳ ಮಾಜಿ ಒಡೆಯರು, ಎರಡೂ ಹೋಳಿನಲ್ಲಿದ್ದರು. ಬೆಳಿಗ್ಗೆ ನಗರಸಭೆಗೆ ಹೋಗಿ, ವಸತಿ ಬೀದಿಯಲ್ಲಿ ಅನುಮತಿಯಿಲ್ಲದೆ ವರ್ಕ್‌ಶಾಪು ಏಳುತ್ತಿದೆ ಎಂದು ದೂರು ಕೊಟ್ಟರು. ಸಂಜೆ ಬ್ರೇಕಪ್ಪನ ಮನೆಗೆ ಬಂದು, ತಮ್ಮ ಅಳಿಯ ಮನೆಯಲ್ಲೇ ಕೂತಿದ್ದಾನೆ, ಒಳ್ಳೆಯ ಹುಡುಗ, ಎಣ್ಣೆ ಗ್ರೀಸು ಮುಟ್ಟದಂಥ ಒಂದು ಜಾಗ ನೋಡಿ ಎಂದರು. ಒಂದನ್ನು ಮಾಡಿಟ್ಟುಕೊಂಡು ಇನ್ನೊಂದಕ್ಕೆ ಕಾಯುವುದು ಓದಿಕೊಂಡವರ ರೀತಿ.

ಹೆಂಡತಿ ಬದಲಾದಳು. ಈ ಕಥೆಯಲ್ಲಿ ಬ್ರೇಕಪ್ಪನನ್ನು ನಿಜವಾಗಿ ಕಟ್ಟಿಹಾಕಿದ್ದು ಅದೊಂದೇ. ಈಗ ಅವಳು ಹಲಗೆಯ ಅಂಚಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ಬಂದವರು ಮೇಜಿನ ಮೇಲೆ ಲೋಟ ಇಡಲು ಹೋದರೆ ತಡೆದು, ಪ್ಲಾನು ನಡೀತಿದೆ ಅನ್ನುತ್ತಿದ್ದಳು. ನೆಲದ ಮೇಲೆ ಕೂತು ಉಣ್ಣುವುದು ಸೊಂಟಕ್ಕೆ ಒಳ್ಳೆಯದಂತೆ. ಒಂದು ದಿನ ಊಟದ ನಡುವೆ, "ಅವತ್ತು ಆ ಲಾರಿ ಮುಂದೆ ನಿಂತೋರಿಗೆ ಇದೆಲ್ಲ ಏನು ಮಹಾ," ಅಂದಳು. ಬ್ರೇಕಪ್ಪನಿಗೆ ತುತ್ತು ಗಂಟಲಲ್ಲಿ ಸಿಕ್ಕಿತು. ಅವಳು ನೀರು ಕೊಟ್ಟು ಬೆನ್ನು ಸವರಿದಳು. ಬೆನ್ನ ಮೇಲೆ ಹಾಗೆ ಕೈ ಬಿದ್ದು ವರ್ಷಗಳಾಗಿದ್ದವು. ಊಟವಾದ ಮೇಲೆ ಅವನು ಹೋಗಿ ಕೆಂಪು ಗುಂಡಿಯನ್ನು ಗೆರೆಯ ಮೇಲಿಟ್ಟ, ಇನ್ನು ತೆಗೆಯುವುದಿಲ್ಲವೆಂದು ಒಂದು ಹನಿ ಅಂಟೂ ಹಾಕಿದ. ಇಡೀ ಹಲಗೆಯಲ್ಲಿ ಅಂಟಿದ್ದದ್ದು ಅದೊಂದೇ.

ಇನ್ನೆರಡು ದಿನ ಹೀಗೇ ಬಿಟ್ಟಿದ್ದರೆ ಬ್ರೇಕಪ್ಪನೂ ಆ ಬಯಲಿನಲ್ಲಿ ವರ್ಕ್‌ಶಾಪು ಏಳುವುದನ್ನು ನಂಬುತ್ತಿದ್ದನೋ ಏನೋ. ಆದರೆ ಬಾಮೈದ ಉತ್ಸಾಹಿ. ಸಿಮೆಂಟು ತನ್ನದೇ, ಕಬ್ಬಿಣ ತನ್ನದೇ ಎಂದು ಊರೆಲ್ಲ ಹೇಳಿಯಾಗಿತ್ತು. ನಡೆಸಿಕೊಂಡು ಹೋಗಲು ಅನುಭವಸ್ಥರೊಬ್ಬರು ಬೇಕೆಂದು ಹುಡುಕಿ ಹುಡುಕಿ, ಹಳೆಯ ಫೋರ್‌ಮನ್ನರನ್ನೇ ಕಾರಿನಲ್ಲಿ ಕೂರಿಸಿಕೊಂಡು ತಂದ. ಭಾವನಿಗೆ ಆಶ್ಚರ್ಯವಾಗಲಿ ಎಂದು ಮೊದಲೇ ಹೇಳಿರಲಿಲ್ಲ. ಆಶ್ಚರ್ಯವಂತೂ ಆಯಿತು.

ಫೋರ್‌ಮನ್ನರಿಗೆ ವಯಸ್ಸಾಗಿತ್ತು, ದನಿಗೆ ಆಗಿರಲಿಲ್ಲ. ಬಾಗಿಲಲ್ಲೇ ನಿಂತು, "ಏನಯ್ಯಾ ಪಕ್ಕಣ್ಣ, ಹೇಗಿದ್ದೀಯ?" ಅಂದರು.

ಕಾಫಿ ತರುತ್ತಿದ್ದ ಹೆಂಡತಿ, ಪಕ್ಕಣ್ಣ ಯಾರು ಎಂದು ಕೇಳಿದಳು. ಫೋರ್‌ಮನ್ನರು ಇವನೇ, ವರ್ಕ್‌ಶಾಪಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದದ್ದು ಎಂದು ಹೇಳಿ, ಹಲಗೆಯ ಹತ್ತಿರ ಹೋಗಿ ಕನ್ನಡಕ ಏರಿಸಿದರು. ಬಹಳ ಹೊತ್ತು ನೋಡಿದರು. ಒಂದೊಂದು ಡಬ್ಬಿಯ ಮೇಲೂ ಬೆರಳಿಟ್ಟರು. ಅವರ ಕಣ್ಣು ಒದ್ದೆಯಾಯಿತು. "ಇದು ನಮ್ಮ ಅಂಗಳವಲ್ಲವೇನಯ್ಯಾ," ಅಂದರು. "ಕೆಡವಿದ್ದನ್ನ ಹಾಗ್ಹಾಗೇ ಇಟ್ಟಿದ್ದೀಯಲ್ಲ."

ಬಾಮೈದನಿಗೆ ಕೆಡವಿದ್ದು ಅನ್ನುವ ಮಾತು ಹಿಡಿಸಲಿಲ್ಲ. "ಹಳೇದರ ತರಾನೇ ಹೊಸದು ಕಟ್ಟೋದಾ ಭಾವ? ದೊಡ್ಡದು ಯಾವಾಗ ಶುರು?"

ಬ್ರೇಕಪ್ಪ ಹೆಂಡತಿಯ ಕಡೆ ನೋಡಿದ. ಆಮೇಲೆ ನೆಲ ನೋಡಿದ. "ದೊಡ್ಡದು ಮೊದಲೇ ಆಗಿಹೋಯ್ತು," ಅಂದ. "ಉಳಿದಿರೋದು ಇಷ್ಟೇ."

ಇಷ್ಟಕ್ಕೇ ಮುಗಿದಿದ್ದರೆ ಬ್ರೇಕಪ್ಪ ಬರೀ ಹುಚ್ಚನಾಗಿ ಉಳಿಯುತ್ತಿದ್ದ; ಹುಚ್ಚನ ಹೆಂಡತಿಗೂ ಲೋಕದಲ್ಲಿ ಒಂದಿಷ್ಟು ಮರುಕ ಸಿಗುತ್ತದೆ. ಆದರೆ ಫೋರ್‌ಮನ್ನರ ಬೆರಳು ಬಿಳಿ ಗೆರೆಗೆ ಬಂದಿತ್ತು. ಎದುರಿಗೆ ಒಂದು ಡಬ್ಬಿ, ಬದಿಯಲ್ಲಿ ಹಿತ್ತಾಳೆ ಗುಂಡಿ, ಗೆರೆಯ ಮೇಲೆ ಕೆಂಪು ಗುಂಡಿ. ಇದು ಯಾವ ದಿನವೆಂದು ಗುರುತಿಸಲು ಅವರಿಗೆ ಕಷ್ಟವಾಗಲಿಲ್ಲ. ಎಲ್ಲ ಸರಿ, ಇದೊಂದು ತಪ್ಪು ಅಂದರು. ಅವರಿಗೆ ಕೆಟ್ಟ ಮನಸ್ಸು ಇರಲಿಲ್ಲ. ಅಳತೆ ತಪ್ಪಿದ್ದನ್ನು ಕಂಡರೆ ತಿದ್ದುವುದು ಅವರ ಹುಟ್ಟುಗುಣ. ಅಂಟಿದ್ದ ಗುಂಡಿಯನ್ನು ಉಗುರಿನಿಂದ ಎಬ್ಬಿಸಿ, ಪಕ್ಕಕ್ಕೆ ಇಟ್ಟು, ಹೆಂಡತಿಗೆ ತೋರಿಸಿ ವಿವರಿಸಿದರು. "ಇವನು ನಿಂತಿದ್ದು ಇಲ್ಲಿಯಮ್ಮ. ಲಾರಿ ಬರೋ ಮೊದಲೇ ಹಾರಿದ. ಅದಕ್ಕೇ ಪಕ್ಕಣ್ಣ."

ಅವರು ನಕ್ಕರು. ಹಳೆಯ ತಮಾಷೆ, ಮನೆಯವರಿಗೆಲ್ಲ ಗೊತ್ತಿರುತ್ತದೆ ಎಂದುಕೊಂಡಿದ್ದರು. ಬೇರೆ ಯಾರೂ ನಗಲಿಲ್ಲ. ಹೆಂಡತಿ ಕಾಫಿ ಲೋಟಗಳನ್ನು ಒಂದೊಂದಾಗಿ, ಹಲಗೆಯ ಮೇಲೆ, ಅಂಗಳದ ನಟ್ಟನಡುವೆ ಇಟ್ಟು ಒಳಗೆ ಹೋದಳು.

ಬಾಮೈದ ಸಿಟ್ಟಾದ. ಊರಿಗೆಲ್ಲ ಹೇಳಿಕೊಂಡು ಓಡಾಡಿದ್ದು ತಾನು, ಈಗ ನಗೆಪಾಟಲಾಗುವುದೂ ತಾನು ಎಂದು ಕೂಗಾಡಿ, ಫೋರ್‌ಮನ್ನರನ್ನು ಅಲ್ಲೇ ಬಿಟ್ಟು ಕಾರು ಹತ್ತಿದ. ಅವರನ್ನು ಬಸ್ಸಿಗೆ ಬಿಟ್ಟು ಬಂದದ್ದು ಬ್ರೇಕಪ್ಪನೇ. ದಾರಿಯುದ್ದಕ್ಕೂ ಅವರು ಪ್ಲಾನನ್ನು ಹೊಗಳಿದರು.

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಬ್ರೇಕಪ್ಪ ಎಲ್ಲಾದರೂ ಒಂದು ಕಡೆ ಕ್ಷಮೆ ಕೇಳಬಹುದಿತ್ತು. ಹೆಂಡತಿ ಮೊದಲಿನಂತೆ ಕಸ ಯಾವಾಗ ತೆಗೀತೀರಿ ಎಂದೂ ಕೇಳಲಿಲ್ಲ. ನೆಂಟರೊಬ್ಬರು ಬಂದಾಗ ಕಾಫಿಯನ್ನಷ್ಟೇ ಕೊಟ್ಟಳು, ಜೊತೆಗೆ ಆ ಲಾರಿಯ ಕಥೆ ಕೊಡಲಿಲ್ಲ. ಬೀದಿಯವರು ಮಾತ್ರ ಒಂದಾದರು. ಗೋಡೆ ಬಿರುಕು ಬಿಡುವುದಿಲ್ಲವೆಂದು ಗೊತ್ತಾದವರಿಗೂ, ಬಾಡಿಗೆ ಏರುವುದಿಲ್ಲವೆಂದು ಗೊತ್ತಾದವರಿಗೂ ಬ್ರೇಕಪ್ಪ ಒಂದೇ ಸಮನಾಗಿ ಮೋಸ ಮಾಡಿದ್ದ. ಮೇಷ್ಟ್ರು ತಮ್ಮ ಕಸದ ಬುಟ್ಟಿಗೆ ಮುಚ್ಚಳ ತಂದರು.

ದೂರು ಮಾತ್ರ ನಗರಸಭೆಯಲ್ಲಿ ತನ್ನ ಪಾಡಿಗೆ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರು ಹಾರೆ, ಪಿಕಾಸಿ ಹಿಡಿದ ಇಬ್ಬರು ಆಳುಗಳನ್ನೂ ಒಬ್ಬ ಫೋಟೋದವನನ್ನೂ ಕರೆದುಕೊಂಡು ಬಂದರು. ಹಿಂದಿನ ಬಯಲಿಗೆ ಹೋಗಿ ನೋಡಿದರು, ಕಸವಿತ್ತು. ಮನೆಗೆ ಬಂದು, ವರ್ಕ್‌ಶಾಪು ಎಲ್ಲಿ ಎಂದು ಕೇಳಿದರು. ಮೇಷ್ಟ್ರು ಬೆನ್ನ ಹಿಂದೆಯೇ ಬಂದು, ಅದೆಲ್ಲ ಆಟದ ಸಾಮಾನು, ದೂರು ವಾಪಸು ತಗೋತೀನಿ ಅಂದರು. ಇನ್ಸ್‌ಪೆಕ್ಟರು ಅವರಿಗೆ ಸಮಾಧಾನದಿಂದ ತಿಳಿಸಿ ಹೇಳಿದರು: ತೆರವು ಆದೇಶ ಆಗಿಬಿಟ್ಟಿದೆ. ವರ್ಕ್‌ಶಾಪು ಇಲ್ಲ ಎಂದು ಬರೆದರೆ, ಇದೆ ಎಂದು ಮೊದಲು ಬರೆದವರು ಯಾರು ಎಂದು ಮೇಲಿನವರು ಕೇಳುತ್ತಾರೆ. ಬರೆದದ್ದು ಸ್ವತಃ ಇನ್ಸ್‌ಪೆಕ್ಟರೇ, ಆಫೀಸಿನಲ್ಲಿ ಕೂತು. ಆದ್ದರಿಂದ ಇದ್ದದ್ದನ್ನು ತೆರವು ಮಾಡಿದೆವು ಎಂದು ಬರೆಯುವುದೇ ಎಲ್ಲರಿಗೂ ಕ್ಷೇಮ.

"ಎಂಟು ಲಾರಿ, ಒಂದು ಟ್ಯಾಂಕು," ಎಂದು ಹಲಗೆಯನ್ನು ಎಣಿಸಿ ನೋಡಿದರು. "ಸರಿಯಾಗಿದೆ. ತೆಗೀರಿ."

ಪಿಕಾಸಿಯವನು ಪಿಕಾಸಿಯನ್ನೂ ಟೂತ್‌ಪೇಸ್ಟ್ ಡಬ್ಬಿಯನ್ನೂ ನೋಡಿ, ನಾಚಿಕೆಯಿಂದ ಪಿಕಾಸಿಯನ್ನು ಗೋಡೆಗೊರಗಿಸಿ ಕೈ ಮುಂದೆ ಮಾಡಿದ. ಆಗ ಬ್ರೇಕಪ್ಪ ನಡುವೆ ಬಂದು ನಿಂತ. ಮೇಜು ಅವನ ಬೆನ್ನ ಹಿಂದೆ, ಆಳುಗಳು ಎದುರಿಗೆ. ಕೈ ಕೆಳಗೆ ಬಿಟ್ಟು, ಎದೆ ಮುಂದೆ ಮಾಡಿ, ಹಿಂದೆ ಗೆರೆಯ ಮೇಲೆ ನಿಲ್ಲುತ್ತಿದ್ದ ಹಾಗೆಯೇ ನಿಂತ. ಇನ್ಸ್‌ಪೆಕ್ಟರು ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂದರು. ಅವನು ಅಲುಗಲಿಲ್ಲ. ಪೊಲೀಸರನ್ನು ಕರೆಸುತ್ತೇನೆ ಅಂದರು. ಅಲುಗಲಿಲ್ಲ. ಬಾಗಿಲಲ್ಲಿ, ಕಿಟಕಿಯಲ್ಲಿ ಬೀದಿಯೆಲ್ಲ ಕೂಡಿತ್ತು. ಆಳುಗಳು ಒಂದು ಹೆಜ್ಜೆ ಹಿಂದೆ ಸರಿದರು.

ಒಳಗಿಂದ ಹೆಂಡತಿ ಬಂದಳು. ಫೋರ್‌ಮನ್ನರು ಬಂದುಹೋದ ದಿನದಿಂದ ಅವಳು ಗಂಡನ ಮುಖವನ್ನು ನೋಡಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಿಗೆ ಕೈಯೂರಿ ನಿಂತು, ಏನನ್ನೋ ಹೋಲಿಸಿ ನೋಡುವಂತೆ ನೋಡಿದಳು. ಬ್ರೇಕಪ್ಪನಿಗೆ ಅದು ಕಂಡಿತು. ಅವನ ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಇನ್ಸ್‌ಪೆಕ್ಟರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಫೋಟೋದವನಿಗೆ ಮಾತ್ರ ಇದು ಯಾವುದರ ಪರಿವೆಯೂ ಇರಲಿಲ್ಲ. ಅವನು ಕ್ಯಾಮೆರಾದಲ್ಲಿ ಒಂದು ಕಣ್ಣಿಟ್ಟುಕೊಂಡು, ಎಲ್ಲರಿಗೂ ಹೇಳುವ ಹಾಗೆ, ಬಹಳ ಮರ್ಯಾದೆಯಿಂದ ಹೇಳಿದ. "ಸಾರ್, ಸ್ವಲ್ಪ ಪಕ್ಕಕ್ಕೆ ಬನ್ನಿ. ಫೋಟೋದಲ್ಲಿ ನೀವು ಅಡ್ಡ ಬರ್ತೀರಿ."

ಬ್ರೇಕಪ್ಪ ಪಕ್ಕಕ್ಕೆ ಸರಿದ.

ಸರಿದ ಮೇಲೆಯೇ ಅವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಆಳು ಮೊಣಕೈಯಿಂದ ಇಡೀ ಹಲಗೆಯನ್ನು ಒಮ್ಮೆ ಬಳಿದಿದ್ದ. ಡಬ್ಬಿಗಳು ನೆಲಕ್ಕೆ ಬಿದ್ದವು, ಗುಂಡಿಗಳು ಮಂಚದ ಕೆಳಗೆ, ಬಾಗಿಲ ಸಂದಿಗೆ ಉರುಳಿಹೋದವು. ಫೋಟೋ ಚೆನ್ನಾಗಿ ಬಂತು ಎಂದು ಫೋಟೋದವನು ಹೇಳಿದ. ಇನ್ಸ್‌ಪೆಕ್ಟರು ಹೊರಗೋಡೆಗೆ ಒಂದು ಕಾಗದ ಅಂಟಿಸಿ ಹೋದರು: ಈ ಸ್ಥಳದಲ್ಲಿದ್ದ ಮಿಲಿಟರಿ ವಾಹನ ರಿಪೇರಿ ವರ್ಕ್‌ಶಾಪನ್ನು ತೆರವುಗೊಳಿಸಲಾಗಿದೆ. ಅಂಥದ್ದೊಂದು ವರ್ಕ್‌ಶಾಪು ಇತ್ತು ಎಂದು ಸರ್ಕಾರ ಒಪ್ಪಿಕೊಂಡದ್ದಕ್ಕೆ ಈಗ ಊರಲ್ಲಿ ಇರುವ ಸಾಕ್ಷಿ ಅದೊಂದೇ, ಅದೂ ಬ್ರೇಕಪ್ಪನ ಮನೆಯ ವಿಳಾಸದಲ್ಲಿ.

ಜನ ಹೋದ ಮೇಲೆ ಹೆಂಡತಿ ಹಲಗೆಯನ್ನು ಎತ್ತಿ ಹಿತ್ತಲಿನ ಗೋಡೆಗೆ ಒರಗಿಸಿದಳು, ಒದ್ದೆ ಬಟ್ಟೆಯಿಂದ ಮೇಜು ಒರೆಸಿದಳು. ಬಹಳ ದಿನಗಳ ಮೇಲೆ ಎರಡು ತಟ್ಟೆಗಳು ಮೇಜಿನ ಮೇಲೆ ಬಂದವು. ಬ್ರೇಕಪ್ಪ ಅಡುಗೆಮನೆಗೂ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತಿದ್ದ. ಅವಳು ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ನೇರ ಅವನ ಕಡೆಗೇ ಬರುತ್ತಿದ್ದಳು. ಅವನು ಪಾದ ಊರಿ ನಿಂತ. ಏನು ಬೇಕಾದರೂ ಆಗಲಿ, ಈ ಸಲ ಅವಳು ಪಕ್ಕಕ್ಕೆ ಅಂದರೂ ಸರಿಯುವುದಿಲ್ಲ ಎಂದುಕೊಂಡು ಕಾದ.

ಅವಳು ಏನೂ ಅನ್ನಲಿಲ್ಲ. ಕುರ್ಚಿಯೋ ಕಂಬವೋ ಅಡ್ಡವಿದ್ದರೆ ಹೇಗೆ ಹೋಗುತ್ತಾರೋ ಹಾಗೆ, ಅವನನ್ನು ಬಳಸಿಕೊಂಡು ಹೋಗಿ ಪಾತ್ರೆಯನ್ನು ಮೇಜಿನ ಮೇಲಿಟ್ಟಳು.